ಆಟ-ಕೂಟ (ಯಕ್ಷಗಾನ-ತಾಳಮದ್ದಳೆ) ಕೇಳಿ ಬೆಳೆದವರು ಒಪೆರಾವನ್ನು ಎಲ್ಲಿಂದ ಶುರುಮಾಡಬೇಕು? ನಿಮ್ಮ ಮೆಚ್ಚಿನವು ಯಾವುವು?

ಕಾಸರಗೋಡಿನ ಬದಿಯಡ್ಕ ಕಡೆಯವರು, ಯಕ್ಷಗಾನದ ತೆಂಕುತಿಟ್ಟು ಶೈಲಿ ಕೇಳಿ ಬೆಳೆದವರು ಅಂದಿದ್ದೀರಿ. ಪಾಶ್ಚಾತ್ಯ ಗೀತನಾಟಕವಾದ ಒಪೆರಾದ ಪ್ರಸಿದ್ಧ ಹಾಡುಗಳ ಸಂಗ್ರಹವೊಂದನ್ನು ಫೋನಿನಲ್ಲಿ ಕೇಳಿದಿರಿ, ಎಲ್ಲವೂ ಕಿರುಚಿದ ಹಾಗೆ ಅನಿಸಿತು ಅಂತಲೂ ಬರೆದಿದ್ದೀರಿ. ಮೊದಲು ಆ ಸಂಗ್ರಹವನ್ನು ಬದಿಗಿಡಿ. ಒಂದೇ ಒಪೆರಾ ಹಿಡಿಯಿರಿ, ಅದರಲ್ಲೂ ಒಂದೇ ಸಂವಾದ. ನನ್ನ ಆಯ್ಕೆ ಇಟಲಿಯ ಸಂಗೀತಕಾರ ವೆರ್ದಿಯ ‘ಲಾ ತ್ರಾವಿಯಾತಾ’ (1853), ಎರಡನೇ ಅಂಕದಲ್ಲಿ ವಿಯೊಲೆತ್ತಾ ಮತ್ತು ಜೆರ್ಮೋಂ ಎದುರುಬದುರಾಗುವ ಸುಮಾರು 20 ನಿಮಿಷದ ದೃಶ್ಯ.

ಕಾರಣ ಇದು. ನಮ್ಮಲ್ಲಿ ಹಾಡುವ ಭಾಗವತರ ಪದ ಪೂರ್ತಿ ಕಿವಿಗೆ ಬೀಳದಿದ್ದರೂ ಹಿಂದೆಯೇ ಅರ್ಥ, ಅಂದರೆ ಪಾತ್ರಧಾರಿಯ ಮಾತು, ಬರುತ್ತದೆ. ಒಪೆರಾದಲ್ಲಿ ವಾದ, ಮರುವಾದ, ಮನಸ್ಸು ಕರಗುವುದು ಎಲ್ಲವೂ ಹಾಡಿನೊಳಗೇ ಆಗಿಹೋಗುತ್ತದೆ. ಮಾತು ಮೊದಲೇ ಗೊತ್ತಿಲ್ಲದಿದ್ದರೆ ಉಳಿಯುವುದು ಬರೀ ಧ್ವನಿ. ಆದ್ದರಿಂದ ಹಿಂದಿನ ದಿನವೇ ಆ ದೃಶ್ಯದ ಲಿಬ್ರೆಟ್ಟೊ, ಅಂದರೆ ನಮ್ಮ ಪ್ರಸಂಗಪುಸ್ತಕದ ಜಾಗದಲ್ಲಿರುವ, ಹಾಡುವ ಮಾತುಗಳ ಪುಸ್ತಕ, ಓದಿಡಿ. ಇಟಾಲಿಯನ್ ಮತ್ತು ಇಂಗ್ಲಿಷ್ ಎದುರುಬದುರು ಇರುವ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಕತೆ ಇಷ್ಟು: ಪ್ಯಾರಿಸಿನ ವೇಶ್ಯೆ ವಿಯೊಲೆತ್ತಾ ಎಲ್ಲ ಬಿಟ್ಟು ಆಲ್ಫ್ರೆದೊ ಜೊತೆ ಹಳ್ಳಿಮನೆಯಲ್ಲಿದ್ದಾಳೆ. ಅವನ ತಂದೆ ಜೆರ್ಮೋಂ ಬಂದು, ನಿನ್ನಿಂದಾಗಿ ನನ್ನ ಮಗಳ ಮದುವೆ ತಪ್ಪುತ್ತದೆ, ಅವನನ್ನು ಬಿಡು ಅನ್ನುತ್ತಾನೆ. ಮಗಳ ವಿಷಯ ತೆಗೆಯುವಾಗ ಅವನ ರಾಗ ನೇರ, ನಯ, ಮರ್ಯಾದಸ್ಥರ ಮಾತಿನ ಹಾಗೆ. ಕೆಲವು ದಿನ ದೂರವಿದ್ದರೆ ಸಾಕೆಂದು ಅವಳು ತಿಳಿಯುತ್ತಾಳೆ. ಶಾಶ್ವತವಾಗಿ ಬಿಡಬೇಕು ಅಂದಾಗ ಅವಳ ಹಾಡು ಚೂರುಚೂರಾಗುತ್ತದೆ, ಉಸಿರು ಕಟ್ಟಿದಂತೆ ಸಣ್ಣ ತುಂಡುಗಳು. ಕಾಲ ಕಳೆದು ನಿನ್ನ ಚೆಲುವು ಮಾಸಿದ ಮೇಲೆ ಏನು ಗತಿ ಅಂತ ಅವನು ಒತ್ತುತ್ತಾನೆ. ಕೊನೆಗೆ ‘ದೀತೆ ಆಲ್ಲ ಜೋವಿನೆ’ ಎಂದು ಅವಳು ಶುರುಮಾಡುವಲ್ಲಿ ಅಬ್ಬರವೇ ಇಲ್ಲ. ‘ಆ ಹುಡುಗಿಗೆ ಹೇಳಿ’ ಅನ್ನುವ ಮೆಲುದನಿಯ ಸಾಲು ಅದು. ಸೋಲು ಒಪ್ಪಿಕೊಂಡದ್ದು ಅಲ್ಲಿ. ಅತ್ಯಂತ ಮುಖ್ಯವಾದ ಮಾತನ್ನು ವೆರ್ದಿ ಅತ್ಯಂತ ಮೆಲ್ಲಗೆ ಹೇಳಿಸಿದ್ದಾನೆ. ಕರುಣರಸದ ಪದವನ್ನು ತಗ್ಗಿಸಿ ಹಾಡುವ ಭಾಗವತರ ಬೆಲೆ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಲೋಸ್ ಕ್ಲೈಬರ್ ವಾದ್ಯವೃಂದ ನಡೆಸಿದ, ಇಲಿಯಾನಾ ಕೊತ್ರುಬಾಶ್ ಹಾಡಿದ 1970ರ ದಶಕದ ಧ್ವನಿಮುದ್ರಣ ತೆಗೆದುಕೊಳ್ಳಿ.

ಕಿರುಚಿದಂತೆ ಕೇಳುವುದಕ್ಕೆ ಅರ್ಧ ಕಾರಣ ಫೋನು. ಈ ಗಾಯಕರು ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೇಳಿಸಬೇಕು. ಅದಕ್ಕಾಗಿ ಸುಮಾರು 3000 ಹರ್ಟ್ಸ್ ಸುತ್ತ ಧ್ವನಿಗೆ ಹೊಳಪು ಬರುವಂತೆ ಗಂಟಲನ್ನು ತಯಾರು ಮಾಡಿಕೊಂಡಿರುತ್ತಾರೆ, ವಾದ್ಯಗಳ ಬಲ ಅಲ್ಲಿ ಕಡಿಮೆ. ಫೋನಿನ ಚಿಕ್ಕ ಸ್ಪೀಕರು ಆ ಜಾಗವನ್ನೇ ಎತ್ತಿ ಕೊಡುತ್ತದೆ, ಕೆಳಗಿನ ಸ್ವರಗಳನ್ನು ನುಂಗುತ್ತದೆ. ಚೆಂಡೆ ಮಾತ್ರ ಕೇಳಿ ಮದ್ದಳೆ ಕೇಳದಿದ್ದರೆ ಹಿಮ್ಮೇಳ ಹೇಗಿರುತ್ತದೋ ಹಾಗೆ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಇಲ್ಲವೇ ಮನೆಯ ಸ್ಪೀಕರಿನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ. ಮೊದಲೇ ಜೋರು ಹಾಡುವ ಭಾಗಕ್ಕೆ ತಕ್ಕಂತೆ ಶಬ್ದ ಹೊಂದಿಸಿಕೊಂಡು ಹಾಗೆಯೇ ಬಿಡಿ. ಮೆಲ್ಲನೆಯ ಕಡೆ ಏರಿಸಿದರೆ ಮುಂದೆ ಕಿವಿಗೆ ಬಡಿಯುತ್ತದೆ. ಪತ್ತನಾಜೆ (ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೇಳಲು ಸಮಯವೇನೋ ಸಿಗುತ್ತದೆ. ಆದರೆ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತ್ರ ಬೇಡ, ಮೆಲುದನಿಯೆಲ್ಲ ಹೋಗುತ್ತದೆ.

ಎರಡನೇ ತೊಡಕು, ಹಲವರು ಏಕಕಾಲಕ್ಕೆ ಬೇರೆ ಬೇರೆ ಮಾತು ಹಾಡುವುದು. ನಮ್ಮ ರಂಗಸ್ಥಳದಲ್ಲಿ ಆ ಪದ್ಧತಿ ಇಲ್ಲ. ವೆರ್ದಿಯದೇ ‘ರಿಗೊಲೆತ್ತೊ’ (1851) ಮೂರನೇ ಅಂಕದ ನಾಲ್ವರ ಹಾಡಿನಲ್ಲಿ ಇದಕ್ಕೆ ಕಿವಿ ಪಳಗಿಸಿ. ನಾಲ್ಕು ಸಲ ಕೇಳಿ, ಪ್ರತಿ ಸಲ ಒಬ್ಬರನ್ನೇ ಹಿಂಬಾಲಿಸಿ. ಮೊದಲು ಮದ್ದಲೇನಾಳನ್ನು ಒಲಿಸುತ್ತಿರುವ ಡ್ಯೂಕ್, ಉದ್ದನೆಯ ರಾಗ ಅವನದು. ಆಮೇಲೆ ಮದ್ದಲೇನಾ, ನಗುವಿನಂತೆ ಚುಟುಕು ಸ್ವರಗಳು. ಮೂರನೆಯದಾಗಿ ಅವನನ್ನು ಪ್ರೀತಿಸಿ, ಹೊರಗೆ ನಿಂತು ನೋಡುತ್ತಿರುವ ಜಿಲ್ದಾಳ ಬಿಕ್ಕು. ಕೊನೆಗೆ ಕೆಳಗಿನ ಸ್ಥಾಯಿಯಲ್ಲಿ ಅವಳ ಅಪ್ಪ ರಿಗೊಲೆತ್ತೊ. ಐದನೇ ಸಲ ಯಾರನ್ನೂ ಹಿಡಿಯಬೇಡಿ.

ಇದು ಒಗ್ಗಿದರೆ ಮೊಜಾರ್ಟನ ‘ಫಿಗಾರೊನ ಮದುವೆ’ (1786) ಎರಡನೇ ಅಂಕದ ಕೊನೆಯ ಭಾಗ. ಗಂಡ-ಹೆಂಡಿರ ಜಗಳದಿಂದ ಶುರುವಾಗಿ ಹೊಸಬರು ಸೇರುತ್ತ ಸೇರುತ್ತ ಏಳು ಜನರಾಗುತ್ತಾರೆ, ಸುಮಾರು 20 ನಿಮಿಷ ಸಂಗೀತ ನಿಲ್ಲುವುದೇ ಇಲ್ಲ. ನನಗೆ ಇಡೀ ಒಪೆರಾ ಪ್ರಪಂಚದಲ್ಲಿ ಇದಕ್ಕಿಂತ ಮಿಗಿಲಾದ ಕಟ್ಟುವಿಕೆ ಕಾಣುವುದಿಲ್ಲ. ಪುಚ್ಚೀನಿಯ ‘ಲಾ ಬೊಹೆಮ್’ (1896) ಇಷ್ಟೊಂದು ತಯಾರಿ ಕೇಳುವುದಿಲ್ಲ. ಎರಡು ಗಂಟೆಯೊಳಗೆ ಮುಗಿಯುತ್ತದೆ, ನೇರವಾಗಿ ನೋಡಬಹುದು.

ಪುರಾಣ ಬಲ್ಲವರಿಗೆಂದೇ ಎರಡು ಹೇಳುತ್ತೇನೆ. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಸಂಸ್ಕೃತ ಕಲಿತು ತಾನೇ ಬರೆದ ‘ಸಾವಿತ್ರಿ’, ಮೊದಲ ಪ್ರಯೋಗ 1916. ಅರ್ಧ ಗಂಟೆ, ಮೂರೇ ಪಾತ್ರ, ಬೆರಳೆಣಿಕೆಯ ವಾದ್ಯ, ಭಾಷೆ ಇಂಗ್ಲಿಷ್. ವಾದ್ಯವೇ ಇಲ್ಲದೆ ಮರೆಯಿಂದ ಮೃತ್ಯುವಿನ ದನಿ ಕೇಳುವ ಪ್ರವೇಶ ನಡುಕ ಹುಟ್ಟಿಸುತ್ತದೆ. ನಮ್ಮ ಸಾವಿತ್ರಿ ನೂರು ಮಕ್ಕಳ ವರ ಕೇಳಿ ಯಮನನ್ನು ಕಟ್ಟಿಹಾಕಿದರೆ, ಇಲ್ಲಿಯವಳು ಕೇಳುವುದು ಬರೀ ಬದುಕು. ಕೊಟ್ಟ ಮೇಲೆ, ಸತ್ಯವಾನನಿಲ್ಲದ್ದು ಬದುಕೇ ಅಲ್ಲ ಅಂತ ವಾದ ಹೂಡುತ್ತಾಳೆ. ತಾಳಮದ್ದಳೆಯಲ್ಲಿ ಎದುರಾಳಿಯನ್ನು ಅವನ ಮಾತಿನಲ್ಲೇ ಸಿಕ್ಕಿಸುವುದನ್ನು ಮೆಚ್ಚುವವರಿಗೆ ಇದು ಹಿಡಿಸಲೇಬೇಕು.

ಇನ್ನೊಂದು ಫಿಲಿಪ್ ಗ್ಲಾಸ್‌ನ ‘ಸತ್ಯಾಗ್ರಹ’ (1980). ದಕ್ಷಿಣ ಆಫ್ರಿಕಾದ ಗಾಂಧಿಯ ಕತೆ, ಹಾಡುವುದು ಭಗವದ್ಗೀತೆಯ ಸಂಸ್ಕೃತ ಶ್ಲೋಕ. ಉಚ್ಚಾರ ನಮ್ಮ ಕಿವಿಗೆ ಒಗ್ಗದಿರಬಹುದು, ಕತೆ ಓಡುವುದೂ ಇಲ್ಲ. ಸ್ವರಗಳು ಸುತ್ತಿ ಸುತ್ತಿ ಬರುತ್ತವೆ, ಏನಾಗುತ್ತದೆ ಅಂತ ಕಾಯುತ್ತ ಕೂತರೆ ಬೇಸರವೇ ಗತಿ. ಕೊನೆಯಲ್ಲಿ ಗಾಂಧಿ ಹಾಡುವ ಭಾಗ ಮೊದಲು ಕೇಳಿ: ಗೀತೆಯ ನಾಲ್ಕನೇ ಅಧ್ಯಾಯದ ಮಾತು, ಒಂದೇ ಆರೋಹ ಮತ್ತೆ ಮತ್ತೆ.

ವಿಡಿಯೊ ಬೇಕಿದ್ದರೆ ‘ಒಪೆರಾವಿಷನ್’ ಯುರೋಪಿನ ರಂಗಮಂದಿರಗಳ ಪ್ರದರ್ಶನಗಳನ್ನು ಅಡಿಬರಹದೊಂದಿಗೆ ಉಚಿತವಾಗಿ ತೋರಿಸುತ್ತದೆ. ಕೆಲವು ತಿಂಗಳಲ್ಲಿ ತೆಗೆಯುತ್ತಾರೆ, ಕಂಡಾಗ ನೋಡಿಬಿಡಿ.

ಜರ್ಮನಿಯ ವಾಗ್ನರ್ ಬಗ್ಗೆಯೂ ಕೇಳಿದ್ದೀರಿ. ಅವನ ‘ರಿಂಗ್’ ನಾಲ್ಕು ಒಪೆರಾ, ಒಟ್ಟು ಸುಮಾರು 15 ಗಂಟೆ. ಬೆಳಗಿನವರೆಗೆ ಆಟ ನೋಡಿದವರಿಗೆ ಉದ್ದ ಅಡ್ಡಿಯಲ್ಲ. ಅಡ್ಡಿಯೆಂದರೆ, ಅಲ್ಲಿ ಕತೆ ಹೇಳುವುದು ಹೆಚ್ಚಾಗಿ ವಾದ್ಯವೃಂದ, ಅದನ್ನು ಕೇಳುವ ಅಭ್ಯಾಸ ಬೇಕು. ಮೇಲಿನವು ಮುಗಿದ ಮೇಲೆ ‘ರಿಂಗ್’ನ ಎರಡನೇ ಒಪೆರಾ ‘ವಾಲ್ಕ್ಯೂರೆ’ಯ ಮೊದಲ ಅಂಕ ಮಾತ್ರ ತೆಗೆದುಕೊಳ್ಳಿ. ಮೂರು ಪಾತ್ರ, ಸುಮಾರು 65 ನಿಮಿಷ. ಅದು ಹಿಡಿಸಿದರೆ ಮಾತ್ರ ‘ರೈನ್‌ಗೋಲ್ಡ್’ನಿಂದ ಕ್ರಮವಾಗಿ ಶುರುಮಾಡಿ.