ನನ್ನ ಆ್ಯಪ್‌ನ ಪ್ಲೇ ಸ್ಟೋರ್ ಆವೃತ್ತಿ ಇರುವ ಫೋನಿನಲ್ಲಿ ಅದೇ ಆ್ಯಪ್‌ನ ಹೊಸ ಸ್ಟೋರಿನ ಆವೃತ್ತಿ ಇನ್‌ಸ್ಟಾಲ್ ಆಗುತ್ತಿಲ್ಲ, ಆ ಸ್ಟೋರಿಗೆ ಸೇರಲೋ ಬೇಡವೋ?

ಬಹುಶಃ ಸೈನಿಂಗ್ ಕೀ, ಅಂದರೆ ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀ, ಕಾರಣ. 2021ರ ಆಗಸ್ಟ್ ನಂತರ ಪ್ಲೇಗೆ ಬಂದ ಹೊಸ ಆ್ಯಪ್‌ಗಳಿಗೆ ಕೊನೆಯ ಸಹಿ ಹಾಕುವುದು ಗೂಗಲ್. ನಿಮ್ಮ ಹತ್ತಿರ ಇರುವುದು ಹೆಚ್ಚಾಗಿ ಅಪ್‌ಲೋಡ್ ಕೀ, ಅಂದರೆ ಪ್ಲೇಗೆ ಫೈಲ್ ಕಳಿಸುವಾಗ ಬಳಸುವ ಕೀ ಮಾತ್ರ. ಪ್ಯಾಕೇಜ್ ಹೆಸರು (ಫೋನ್ ಆ್ಯಪ್ ಅನ್ನು ಗುರುತಿಸುವ ಹೆಸರು) ಒಂದೇ ಇದ್ದು ಸಹಿ ಬೇರೆಯಾದರೆ ಆಂಡ್ರಾಯ್ಡ್ ಒಪ್ಪುವುದಿಲ್ಲ.

ಮೊದಲು ಪ್ಲೇ ಕನ್ಸೋಲ್‌ನಲ್ಲಿ (ಡೆವಲಪರ್‌ಗಳು ಆ್ಯಪ್ ನಿರ್ವಹಿಸುವ ತಾಣ) ಆ್ಯಪ್ ಬಂಡಲ್ ಎಕ್ಸ್‌ಪ್ಲೋರರ್ ಪುಟ ತೆರೆಯಿರಿ. ಡೌನ್‌ಲೋಡ್ಸ್‌ನಲ್ಲಿ ಗೂಗಲ್ ಸಹಿಯಾದ ಯೂನಿವರ್ಸಲ್ ಎಪಿಕೆ (ಇನ್‌ಸ್ಟಾಲ್ ಮಾಡುವ ಫೈಲ್) ಸಿಗುತ್ತದೆ, ಅದನ್ನೇ ಹೊಸ ಸ್ಟೋರಿಗೆ ಹಾಕಿ. ಅದಕ್ಕೂ ಮುಂಚೆ ಆ ಸ್ಟೋರ್ ತಾನೇ ಮತ್ತೆ ಸಹಿ ಹಾಕುತ್ತದಾ ಅಂತ ಕೇಳಿಕೊಳ್ಳಿ. ಹಾಕುತ್ತದೆ ಅಂದರೆ ಪ್ಯಾಕೇಜ್ ಹೆಸರು ಬದಲಿಸಬೇಕಾಗುತ್ತದೆ. ಆಗ ಅದು ಬೇರೆಯೇ ಆ್ಯಪ್, ಬಳಕೆದಾರರ ಫೋನಿನಲ್ಲಿರುವ ಹಳೇ ಡೇಟಾ ತಾನಾಗಿ ಬರುವುದಿಲ್ಲ.

ಆ್ಯಪ್ ಒಳಗೆ ಖರೀದಿ ಇಲ್ಲವಾದರೆ ಧೈರ್ಯವಾಗಿ ಸೇರಿ, ಕೆಲಸ ಕಡಿಮೆ. ಖರೀದಿ ಇದ್ದರೆ ಹೊಸ ಸ್ಟೋರಿನಲ್ಲಿ ಪ್ಲೇ ಬಿಲ್ಲಿಂಗ್, ಅಂದರೆ ಪ್ಲೇಯ ಪಾವತಿ ವ್ಯವಸ್ಥೆ, ನೆಚ್ಚಿಕೊಳ್ಳಬೇಡಿ, ಬೇರೆಯದನ್ನು ಸೇರಿಸಬೇಕಾಗುತ್ತದೆ. ಆ ಎರಡನೇ ಪಾವತಿ ವ್ಯವಸ್ಥೆಯನ್ನು ಪ್ರತಿ ಅಪ್‌ಡೇಟ್‌ಗೂ ಪರೀಕ್ಷಿಸಬೇಕು. ಒಬ್ಬರೇ ಇದ್ದರೆ ಅದು ನಿಜಕ್ಕೂ ಜಾಸ್ತಿ ಹೊರೆ, ಸದ್ಯಕ್ಕೆ ಉಚಿತ ಆವೃತ್ತಿಯನ್ನಷ್ಟೇ ಹಾಕಿ ನೋಡಿ.