ಸೇಫ್ಟಿ ರೇಜರ್‌ಗೆ ಯಾವ ಬ್ಲೇಡು ಒಳ್ಳೆಯದು? ಮೂರನೆಯ ಕ್ಷೌರದ ದಿನ ಕುತ್ತಿಗೆಯನ್ನು ಕೇಳಿ

ಹಲವು ಬ್ಲೇಡುಗಳಿರುವ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್ ಬಿಟ್ಟು ಎರಡಂಚಿನ ಬ್ಲೇಡಿನ ಸೇಫ್ಟಿ ರೇಜರ್‌ಗೆ ಬಂದು ಎರಡು ತಿಂಗಳಾಯಿತು, ಕೆನ್ನೆ ಚೆನ್ನಾಗಿ ನುಣ್ಣಗಾಗುತ್ತದೆ, ಆದರೆ ಕುತ್ತಿಗೆಯಲ್ಲಿ ಉರಿಯೂ ಕೆಂಪು ಗುಳ್ಳೆಗಳೂ ಕಾಣಿಸುತ್ತವೆ, ಹತ್ತಾರು ಬಗೆಯ ಬ್ಲೇಡುಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂದು ನೀವು ಕೇಳಿದ್ದೀರಿ. ನಾನು ಹನ್ನೊಂದು ವರ್ಷಗಳಿಂದ ಇದೇ ಬಗೆಯ ರೇಜರ್ ಬಳಸುತ್ತಿದ್ದೇನೆ, ಮೊದಲ ಎರಡು ವರ್ಷ ನಿಮ್ಮಂತೆಯೇ ಕುತ್ತಿಗೆಯ ಉರಿಯನ್ನು ಅನುಭವಿಸಿದ್ದೇನೆ. ಆದ್ದರಿಂದ ಒಂದು ಹೆಸರು ಹೇಳಿ ಉತ್ತರ ಮುಗಿಸಲು ನನಗೆ ಮನಸ್ಸಾಗುತ್ತಿಲ್ಲ. ನಿಮ್ಮ ಚರ್ಮ, ನಿಮ್ಮ ಗಡ್ಡದ ಗಡಸು, ನಿಮ್ಮ ರೇಜರ್, ನಿಮ್ಮ ಕೈ ಇವು ನಾಲ್ಕೂ ಸೇರಿದ ಮೇಲೆಯೇ ಒಂದು ಬ್ಲೇಡು ಒಳ್ಳೆಯದೋ ಅಲ್ಲವೋ ಎಂಬುದು ಗೊತ್ತಾಗುವುದು. ಹೋಲಿಸಿ ನೋಡುವ ಕ್ರಮ ಸರಿಯಾಗಿದ್ದರೆ ಎರಡು ತಿಂಗಳೊಳಗೆ ನಿಮ್ಮ ಬ್ಲೇಡನ್ನು ನೀವೇ ಕಂಡುಕೊಳ್ಳಬಲ್ಲಿರಿ.

ನೋಡುವುದಕ್ಕೆ ಈ ಬ್ಲೇಡುಗಳೆಲ್ಲ ಒಂದೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ವಂಶಕ್ಕೆ ಸೇರಿದವು ಇವು. ಉದ್ದ ಸುಮಾರು 43 ಮಿಲಿಮೀಟರ್, ಅಗಲ 22, ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹಾಗಾಗಿಯೇ ಯಾವ ಕಂಪನಿಯ ಬ್ಲೇಡಾದರೂ ಬೇರೆ ಕಂಪನಿಯ ರೇಜರ್‌ನಲ್ಲಿ ಕೂರುತ್ತದೆ. ವ್ಯತ್ಯಾಸವಿರುವುದು ಉಕ್ಕಿನಲ್ಲಿ, ಅಂಚಿಗೆ ಸಾಣೆ ಹಿಡಿದ ರೀತಿಯಲ್ಲಿ ಮತ್ತು ಅದರ ಮೇಲಿನ ಲೇಪದಲ್ಲಿ. ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡ 13ರಷ್ಟು ಕ್ರೋಮಿಯಂ ಇರುತ್ತದೆ. ಅಂಚಿನ ಮೇಲೆ ಕ್ರೋಮಿಯಂ ಅಥವಾ ಪ್ಲಾಟಿನಂ ಬೆರೆತ ತೆಳುಪೊರೆ, ಅದರ ಮೇಲೆ ಪಿಟಿಎಫ್‌ಇ, ಅಂದರೆ ನಮ್ಮ ಅಡುಗೆಮನೆಯ ನಾನ್‌ಸ್ಟಿಕ್ ತವಾದ ಮೇಲಿರುವ ವಸ್ತುವೇ, ಸವರಿರುತ್ತಾರೆ. ಕೂದಲನ್ನು ಕತ್ತರಿಸುವುದು ಅಂಚು. ಆ ಅಂಚು ಚರ್ಮದ ಮೇಲೆ ಎಳೆದಂತಾಗದೆ ಜಾರುವಂತೆ ಮಾಡುವುದು ಲೇಪ. ಹರಿತ ಬೇರೆ, ನುಣುಪು ಬೇರೆ ಎಂಬ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೋಲಿಕೆ ಅರ್ಧ ಸುಲಭವಾಗುತ್ತದೆ.

ನಾನು ಹುಡುಗನಾಗಿದ್ದಾಗ ನನ್ನ ತಂದೆಯವರು ಗಾಜಿನ ಲೋಟದ ಒಳಗೋಡೆಗೆ ಬ್ಲೇಡನ್ನು ಎರಡು ಬೆರಳಿನಿಂದ ಒತ್ತಿ, ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ ತಿಕ್ಕಿ, ಮಗ್ಗುಲು ಬದಲಿಸಿ ಮತ್ತೆ ತಿಕ್ಕಿ, ಟವೆಲಿನಿಂದ ಒರೆಸಿ, ಕಾಗದದ ಪೊಟ್ಟಣದಲ್ಲಿ ಸುತ್ತಿಡುತ್ತಿದ್ದರು. ಬೇಗ ತುಕ್ಕು ಹಿಡಿಯುತ್ತಿದ್ದ ಕಾರ್ಬನ್ ಉಕ್ಕಿನ ಬ್ಲೇಡುಗಳ ಕಾಲದ ಅಭ್ಯಾಸ ಅದು. 1962ರಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಲೇಪವಿರುವ ಸ್ಟೇನ್‌ಲೆಸ್ ಬ್ಲೇಡನ್ನು ಮಾರುಕಟ್ಟೆಗೆ ತಂದ ಮೇಲೆ ಅದರ ಅಗತ್ಯ ತಪ್ಪಿತು. ಇಂದಿನ ಬ್ಲೇಡನ್ನು ತಿಕ್ಕಬೇಡಿ, ಒರೆಸಲೂ ಬೇಡಿ. ನೀರಿನಲ್ಲಿ ಜಾಲಿಸಿ ಕೊಡವಿಟ್ಟರೆ ಸಾಕು. ಒರೆಸಿದ ಬ್ಲೇಡಿನ ಲೇಪಕ್ಕೆ ಪೆಟ್ಟಾಗಿರುತ್ತದೆ, ಅಂಥದನ್ನು ಹೋಲಿಕೆಗೆ ಇಟ್ಟುಕೊಂಡರೆ ತೀರ್ಮಾನವೂ ತಪ್ಪಾಗುತ್ತದೆ.

ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಬಹಳ ಹರಿತವೆಂದು ಹೆಸರಾದ ಒಂದು ಬ್ಲೇಡನ್ನು ತಂದು, ಮೊದಲ ದಿನವೇ ಗದ್ದದ ಕೆಳಗೆ ಮೂರು ಕಡೆ ಗಾಯವಾದದ್ದರಿಂದ ಪೊಟ್ಟಣವನ್ನೇ ಕಪಾಟಿನ ಮೂಲೆಗೆ ತಳ್ಳಿ, ಸೌಮ್ಯವೆಂದು ಹೇಳಲಾಗುವ ಬ್ಲೇಡುಗಳನ್ನೇ ಒಂದೂವರೆ ವರ್ಷ ಬಳಸಿದೆ. ಗಾಯ ನಿಂತಿತು, ಉರಿ ಮಾತ್ರ ನಿಲ್ಲಲಿಲ್ಲ. ಕಾರಣ ಸರಳವಾಗಿತ್ತು: ನನ್ನ ಗಡ್ಡ ಗಡಸು, ಕಡಿಮೆ ಹರಿತದ ಬ್ಲೇಡು ಕೂದಲನ್ನು ಕತ್ತರಿಸುವ ಮೊದಲು ಎಳೆಯುತ್ತಿತ್ತು, ಉಳಿದ ಕೂದಲಿಗಾಗಿ ನಾನು ಅದೇ ಜಾಗದ ಮೇಲೆ ನಾಲ್ಕೈದು ಸಲ ಕೈಯಾಡಿಸುತ್ತಿದ್ದೆ, ಪ್ರತಿ ಸಲವೂ ಚರ್ಮದ ಮೇಲ್ಪದರ ಹೆರೆದುಹೋಗುತ್ತಿತ್ತು. ಒತ್ತದೆ, ರೇಜರ್‌ನ ಭಾರವನ್ನಷ್ಟೇ ಬಿಟ್ಟು, ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ತಗುಲುವಂತೆ ಹಿಡಿಯುವುದನ್ನು ಕಲಿತ ಮೇಲೆ ಮೂಲೆಯಲ್ಲಿದ್ದ ಅದೇ ಪೊಟ್ಟಣವನ್ನು ತೆಗೆದೆ. ಎರಡೇ ಸುತ್ತಿಗೆ ಕೆಲಸ ಮುಗಿಯಿತು, ಉರಿಯೂ ಇರಲಿಲ್ಲ. ಆದ್ದರಿಂದ ಒಂದೇ ಕ್ಷೌರದಿಂದ ಯಾವ ಬ್ಲೇಡನ್ನೂ ತಳ್ಳಿಹಾಕಬೇಡಿ, ಒಂದೇ ಕ್ಷೌರದಿಂದ ಮೆಚ್ಚಿಕೊಳ್ಳಲೂ ಬೇಡಿ.

ಈಗ ಕ್ರಮಕ್ಕೆ ಬರುತ್ತೇನೆ. ಹೋಲಿಸುವಾಗ ಬದಲಾಗಬೇಕಾದದ್ದು ಬ್ಲೇಡು ಒಂದೇ. ರೇಜರ್, ಸೋಪು, ಬ್ರಷ್, ನೀರು, ಗಡ್ಡ ಬೆಳೆದ ದಿನಗಳು, ಎಳೆಯುವ ಸುತ್ತುಗಳು ಎಲ್ಲವೂ ಒಂದೇ ಆಗಿರಲಿ; ಒಂದು ದಿನದ ಗಡ್ಡಕ್ಕೆ ಒಂದು ಬ್ಲೇಡು, ನಾಲ್ಕು ದಿನದ ಗಡ್ಡಕ್ಕೆ ಇನ್ನೊಂದು ಎಂದಾದರೆ ಅದು ಹೋಲಿಕೆಯಾಗುವುದಿಲ್ಲ. ಮೂರು ಬಗೆಯ ಬ್ಲೇಡುಗಳನ್ನು ಆರಿಸಿ, ಪ್ರತಿ ಬಗೆಯಲ್ಲಿ ಎರಡೆರಡನ್ನು ಇಟ್ಟುಕೊಂಡು, ಪ್ರತಿಯೊಂದರಲ್ಲೂ ಮೂರು ಕ್ಷೌರ ಮಾಡಿ. ಎರಡೆರಡು ಏಕೆಂದರೆ ಒಂದೇ ಪೊಟ್ಟಣದ ಬ್ಲೇಡುಗಳಲ್ಲೂ ಸಣ್ಣ ಏರುಪೇರು ಇರುತ್ತದೆ. ಮೂರು ಕ್ಷೌರ ಏಕೆಂದರೆ ಹೊಸ ಅಂಚಿನ ಗುಣ ಒಂದಾದರೆ ಅದು ಉಳಿದು ಬರುವ ಗುಣ ಇನ್ನೊಂದು. ಉಕ್ಕಿಗಿಂತ ಐವತ್ತು ಪಟ್ಟು ಮೃದುವಾದ ಕೂದಲು ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಉಕ್ಕಿನ ಒಳರಚನೆ ಸಮನಾಗಿಲ್ಲದ ಕಡೆ, ಬಾಗಿದ ಕೂದಲು ಓರೆಯಾಗಿ ತಗುಲಿದಾಗ, ಅಂಚಿನಿಂದ ಸೂಕ್ಷ್ಮ ಚಕ್ಕೆಗಳು ಏಳುತ್ತವೆ. ಬೆರಳಿಗೆ ತಿಳಿಯದ ಆ ಚಕ್ಕೆ ಕುತ್ತಿಗೆಗೆ ತಿಳಿಯುತ್ತದೆ. ಕೆನ್ನೆಯ ಚರ್ಮ ಬಿಗಿಯಾಗಿ, ಕೂದಲು ಒಂದೇ ದಿಕ್ಕಿನಲ್ಲಿರುವುದರಿಂದ ಅಲ್ಲಿ ಎಲ್ಲ ಬ್ಲೇಡುಗಳೂ ಪಾಸಾಗುತ್ತವೆ. ಮೂರನೆಯ ಕ್ಷೌರದಲ್ಲಿ ಕುತ್ತಿಗೆ ಏನು ಹೇಳುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಸಾಧ್ಯವಿದ್ದರೆ ಹೆಸರು ತಿಳಿಯದಂತೆ ಪರೀಕ್ಷಿಸಿ. ನಾನು ಮಾಡಿದಾಗ ನನ್ನ ಪತ್ನಿ ಬ್ಲೇಡನ್ನು ರೇಜರ್‌ಗೆ ಹಾಕಿ ಕೊಡುತ್ತಿದ್ದಳು, ಯಾವ ಸಂಖ್ಯೆಗೆ ಯಾವ ಬ್ಲೇಡು ಎಂಬುದನ್ನು ತನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಮೂರು ಕ್ಷೌರ ಮುಗಿಯುವ ತನಕ ನಾನು ರೇಜರ್ ಬಿಚ್ಚುತ್ತಿರಲಿಲ್ಲ. ದಿನ ಬಿಟ್ಟು ದಿನ, ಹದಿನೆಂಟು ಕ್ಷೌರ, ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು. ಹಾಳೆ ತೆರೆದಾಗ, ಮೂರರಲ್ಲಿ ಅತ್ಯಂತ ಅಗ್ಗದ ಬ್ಲೇಡಿಗೆ ನಾನೇ ಅತಿ ಹೆಚ್ಚು ಅಂಕ ಕೊಟ್ಟಿದ್ದೆ.

ಅಂಕ ಕೊಡುವುದಕ್ಕೆ ಮೂರು ಪ್ರಶ್ನೆ ಸಾಕು: ಕೂದಲು ಎಳೆದಂತಾಯಿತೇ, ಎಷ್ಟು ಸುತ್ತು ಬೇಕಾಯಿತು, ಪಟಿಕ ಎಷ್ಟು ಉರಿಯಿತು. ಸೆಲೂನಿನಲ್ಲಿ ಕ್ಷೌರದ ನಂತರ ಮುಖಕ್ಕೆ ಉಜ್ಜುವ ಪಟಿಕದ ಕಲ್ಲು ಇಲ್ಲಿ ಬಹಳ ಉಪಯುಕ್ತ. ಅದನ್ನು ಒದ್ದೆ ಮಾಡಿ ಒಮ್ಮೆ ಸವರಿ ಅರ್ಧ ನಿಮಿಷ ಸುಮ್ಮನಿರಿ; ಚರ್ಮ ಹೆಚ್ಚು ಹೆರೆದುಹೋದ ಜಾಗದಲ್ಲಿ ಚುರುಗುಟ್ಟುತ್ತದೆ, ಉಳಿದ ಕಡೆ ತಣ್ಣಗಿರುತ್ತದೆ.

ಯಾವ ಮೂರರಿಂದ ಆರಂಭಿಸಬೇಕೆಂದರೆ, ಒಂದಕ್ಕೊಂದು ದೂರವಿರುವುದನ್ನು ಆರಿಸಿ ಎನ್ನುತ್ತೇನೆ. ಹರಿತದ ತುದಿಗೆ ಜಪಾನಿನ ಫೆದರ್, ಸೌಮ್ಯದ ತುದಿಗೆ ಟರ್ಕಿಯ ಡರ್ಬಿ ಎಕ್ಸ್‌ಟ್ರಾ, ನಡುವೆ ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ಅಥವಾ ನಮ್ಮ ಅಂಗಡಿಗಳಲ್ಲಿ ಸಿಗುವ 7 ಓ ಕ್ಲಾಕ್. ಈ ಕೊನೆಯದರಲ್ಲಿ ಹಳದಿ, ಹಸಿರು, ಕಪ್ಪು ಪೊಟ್ಟಣಗಳು ಬೇರೆ ಬೇರೆ ಬ್ಲೇಡುಗಳು, ಹೆಸರು ಒಂದೇ ಎಂದು ಬೆರೆಸಬೇಡಿ. ಯಾವ ತುದಿಯತ್ತ ನಿಮ್ಮ ಮುಖ ವಾಲುತ್ತದೆ ಎಂದು ತಿಳಿದ ಮೇಲೆ ಆ ಕಡೆಯ ಇನ್ನೆರಡನ್ನು ನೋಡಿದರಾಯಿತು. ನೂರು ಬ್ಲೇಡಿನ ಡಬ್ಬ ಕೊಳ್ಳುವುದು ಅದರ ನಂತರದ ಮಾತು.

ಬ್ಲೇಡಿನ ಮೇಲೆ ತಪ್ಪು ಹೊರಿಸುವ ಮೊದಲು ನೋಡಬೇಕಾದ ಎರಡು ಸಂಗತಿಗಳಿವೆ. ಒಂದು ನೀರು: ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ಸೋಪು ಗಟ್ಟಿ ನೊರೆ ಕೊಡುವುದಿಲ್ಲ, ನೊರೆ ಬೇಗ ಒಣಗಿದರೆ ಯಾವ ಬ್ಲೇಡೂ ಎಳೆಯುತ್ತದೆ, ಒಂದು ಬಟ್ಟಲು ಆರ್‌ಓ ಫಿಲ್ಟರ್ ನೀರನ್ನು ಬಿಸಿ ಮಾಡಿ ನೊರೆಗೆ ಬಳಸಿ ನೋಡಿ. ಇನ್ನೊಂದು ಕೂದಲಿನ ದಿಕ್ಕು: ಕುತ್ತಿಗೆಯಲ್ಲಿ ಅದು ಹಲವರಿಗೆ ಅಡ್ಡಲಾಗಿ ಅಥವಾ ಕೆಳಗಿನಿಂದ ಮೇಲಕ್ಕೆ ಬೆಳೆದಿರುತ್ತದೆ, ಕೆನ್ನೆಯಂತೆ ಮೇಲಿನಿಂದ ಕೆಳಕ್ಕೆ ಎಳೆದರೆ ಮೊದಲ ಸುತ್ತೇ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಹೋದಂತಾಗುತ್ತದೆ. ಎರಡು ದಿನದ ಗಡ್ಡವಿದ್ದಾಗ ಬೆರಳಿನಿಂದ ಸವರಿ, ನುಣ್ಣಗೆ ಸಾಗುವ ದಿಕ್ಕು ಯಾವುದೆಂದು ಕುತ್ತಿಗೆಯ ಎಡಕ್ಕೂ ಬಲಕ್ಕೂ ಬೇರೆಯಾಗಿಯೇ ಗುರುತಿಸಿಕೊಳ್ಳಿ.

ಇಷ್ಟಾದರೂ ಗುಳ್ಳೆಗಳು ನಿಲ್ಲದಿದ್ದರೆ, ಅವುಗಳೊಳಗೆ ಸುರುಳಿಯಾಗಿ ಒಳಕ್ಕೆ ತಿರುಗಿದ ಕೂದಲು ಕಾಣುತ್ತಿದ್ದರೆ, ನಿಮಗೆ ಬಹಳ ನುಣ್ಣಗೆ ಹೆರೆಯುವುದೇ ಆಗಿಬರುತ್ತಿಲ್ಲ ಎಂದರ್ಥ. ಕುತ್ತಿಗೆಯಲ್ಲಿ ಕೂದಲಿಗೆ ಎದುರಾಗಿ ಎಳೆಯುವ ಸುತ್ತನ್ನು ಪೂರ್ತಿ ಬಿಟ್ಟುಬಿಡಿ. ಕೀವು ತುಂಬಿದರೆ ಬ್ಲೇಡಿನ ಹೋಲಿಕೆಯನ್ನು ಬದಿಗಿಟ್ಟು ಚರ್ಮದ ವೈದ್ಯರನ್ನು ಕಾಣಿ, ಗುಳ್ಳೆಗಳು ಮಾಯುವ ತನಕ ಗಡ್ಡವನ್ನು ಬಿಟ್ಟುಕೊಂಡಿರಿ.