ಎರಡು ಫೋಟೊ, ಒಂದು ಫ್ರೇಮ್

ಪ್ರಶ್ನೆ: ಅಜ್ಜ, ಅಜ್ಜಿ ಜೊತೆಗಿರುವ ಒಂದು ಫೋಟೊವೂ ನಮ್ಮಲ್ಲಿಲ್ಲ. ಅಜ್ಜನದು ಪಾಸ್‌ಪೋರ್ಟ್ ಅಳತೆಯ ಕಪ್ಪು-ಬಿಳುಪು, ಅಜ್ಜಿಯದು ಮೊಬೈಲಿನಲ್ಲಿ ತೆಗೆದ ಬಣ್ಣದ್ದು. ಗಿಂಪ್‌ನಲ್ಲಿ (ಫೋಟೊ ತಿದ್ದುವ ಉಚಿತ ತಂತ್ರಾಂಶ) ಸೇರಿಸಿ 10×8 ಇಂಚಿನ ಫ್ರೇಮ್ ಹಾಕಿಸಬೇಕು. ಏನು ಮಾಡಿದರೂ ಅಂಟಿಸಿದ ಹಾಗೇ ಕಾಣುತ್ತದೆ. – ಶಿರಸಿಯ ಓದುಗರು

ಉತ್ತರ: ಕತ್ತರಿಸಿದ್ದು ಸರಿಯಾಗಿಲ್ಲ ಎಂದು ನೀವು ಅಂಚನ್ನೇ ತಿದ್ದುತ್ತಿರಬೇಕು. ತೊಂದರೆ ಅಲ್ಲಿಗಿಂತ ಹೆಚ್ಚಾಗಿ ಅಜ್ಜಿಯ ಫೋಟೊ ತೀರಾ ಚೆನ್ನಾಗಿರುವುದರಲ್ಲಿದೆ. ಹಳೆಯದನ್ನು ಹೊಸದರ ಮಟ್ಟಕ್ಕೆ ಏರಿಸಲಾಗದು, ಹೊಸದನ್ನೇ ಇಳಿಸಬೇಕು.

ಮೊದಲು ಅಜ್ಜನ ಫೋಟೊವನ್ನು 1200 ಡಿಪಿಐನಲ್ಲಿ (ಇಂಚಿಗೆ ಅಷ್ಟು ಚುಕ್ಕೆ) ಸ್ಕ್ಯಾನ್ ಮಾಡಿಸಿ. 300 ಡಿಪಿಐನ 10×8 ಮುದ್ರಣಕ್ಕೆ 3000×2400 ಪಿಕ್ಸೆಲ್ ಬೇಕು, ಒಬ್ಬೊಬ್ಬರ ಪಾಲಿಗೆ 1500 ಅಗಲ. 35×45 ಮಿ.ಮೀ. ಫೋಟೊದಿಂದ 600 ಡಿಪಿಐಗೆ ಸಿಗುವುದು ಸುಮಾರು 827 ಮಾತ್ರ, 1200ಕ್ಕೆ 1654.

ಗಿಂಪ್‌ನಲ್ಲಿ 3000×2400ರ ಹೊಸ ಕಡತ ತೆರೆದು, ಫೈಲ್ ಮೆನುವಿನ 'ಓಪನ್ ಆ್ಯಸ್ ಲೇಯರ್ಸ್' ಮೂಲಕ ಎರಡನ್ನೂ ಬೇರೆ ಬೇರೆ ಲೇಯರ್ (ಒಂದರ ಮೇಲೊಂದಿರುವ ಪದರ) ಆಗಿ ತನ್ನಿ. ಸ್ಕ್ಯಾನ್ ಕಡತವನ್ನೇ ನೇರವಾಗಿ ತೆರೆದು ಶುರುಮಾಡಿದರೆ ಇಮೇಜ್ ಮೋಡ್ ಗ್ರೇಸ್ಕೇಲ್ (ಬರೀ ಕಪ್ಪು-ಬಿಳುಪು) ಆಗಿರಬಹುದು. ಆಗ ಕೊನೆಯಲ್ಲಿ ಕಂದು ಛಾಯೆ ಕೊಡಲು ಹೋದರೆ ಆಗುವುದಿಲ್ಲ, ಆರ್‌ಜಿಬಿಗೆ (ಬಣ್ಣದ ಮೋಡ್) ಬದಲಿಸಿಕೊಳ್ಳಿ. ಅಜ್ಜಿಯ ಲೇಯರನ್ನು ಕುಗ್ಗಿಸಿ, ನೆತ್ತಿಯಿಂದ ಗಲ್ಲದವರೆಗಿನ ಉದ್ದ ಇಬ್ಬರದೂ ಹೊಂದುವಂತೆ ನೋಡಿ.

ಇನ್ನು ಬೆಳಕು. ಅಜ್ಜನ ಮೂಗಿನ ನೆರಳು ಎಡಕ್ಕೆ, ಅಜ್ಜಿಯದು ಬಲಕ್ಕೆ ಬಿದ್ದಿದ್ದರೆ ಒಂದನ್ನು ಫ್ಲಿಪ್ ಮಾಡುವ ಆಸೆಯಾಗುತ್ತದೆ. ಮಾಡಿದರೆ ಸೆರಗು ಬಲ ಹೆಗಲಿಗೆ ಹೋಗುತ್ತದೆ, ಮೂಗುಬೊಟ್ಟು ಪಕ್ಕ ಬದಲಿಸುತ್ತದೆ. ಮನೆಯವರು ಅದನ್ನೇ ಮೊದಲು ಗುರುತಿಸುವುದು! ಅಜ್ಜಿಯ ಬೇರೆ ಫೋಟೊ ಹುಡುಕುವುದೇ ವಾಸಿ.

ಅಜ್ಜಿಯ ಲೇಯರಿಗೆ ಡಿಸ್ಯಾಚುರೇಟ್ ಕೊಟ್ಟು ಬಣ್ಣ ತೆಗೆಯಿರಿ. ಹಳೆಯ ಫೋಟೊದಲ್ಲಿ ಅಚ್ಚ ಕಪ್ಪು ಇರುವುದಿಲ್ಲ, ಗಾಢ ಬೂದು ಅಷ್ಟೆ. ಹಾಗಾಗಿ ಕರ್ವ್ಸ್‌ನಲ್ಲಿ ಅಜ್ಜಿಯ ಗೆರೆಯ ಎಡತುದಿಯನ್ನು ತುಸು ಮೇಲೆತ್ತಿ. ಆಮೇಲೆ ಒಂದು ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್, ಅದರ ಮೇಲೆ ಸ್ವಲ್ಪ ಆರ್‌ಜಿಬಿ ನಾಯ್ಸ್ (ಸಣ್ಣ ಚುಕ್ಕೆಗಳು). 'ಇಂಡಿಪೆಂಡೆಂಟ್ ಆರ್‌ಜಿಬಿ' ಟಿಕ್ ತೆಗೆಯದಿದ್ದರೆ ಮುಖದ ಮೇಲೆ ಬಣ್ಣದ ಚುಕ್ಕೆಗಳು ಏಳುತ್ತವೆ.

ಹಿನ್ನೆಲೆಯನ್ನು ಇರೇಸರಿನಿಂದ ಅಳಿಸಬೇಡಿ, ಲೇಯರ್ ಮಾಸ್ಕ್ (ಚಿತ್ರವನ್ನು ಅಳಿಸದೆ ಮರೆಮಾಡುವ ಹೊದಿಕೆ) ಹಾಕಿ. ಬಿಳಿ ಮಾಸ್ಕ್ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳುತ್ತದೆ. ಕಪ್ಪು ಬಣ್ಣ ಮುಖಕ್ಕೇ ಅಂಟಿಕೊಂಡರೆ ನೀವು ಮಾಸ್ಕಿನ ಥಂಬ್‌ನೇಲ್ ಬದಲು ಫೋಟೊದ್ದನ್ನು ಒತ್ತಿದ್ದೀರಿ ಎಂದರ್ಥ. ನರೆಗೂದಲ ಸುತ್ತ ಹಳೆಯ ಹಿನ್ನೆಲೆಯ ಗೆರೆ ಉಳಿದರೆ ಮಾಸ್ಕಿಗೆ 2 ಪಿಕ್ಸೆಲ್ ಬ್ಲರ್ ಕೊಟ್ಟು, ಲೆವೆಲ್ಸ್‌ನಲ್ಲಿ ಕಪ್ಪು ತ್ರಿಕೋನವನ್ನು ಬಲಕ್ಕೆ ಎಳೆಯಿರಿ. ಅಂಚು ಒಳಕ್ಕೆ ಸರಿಯುತ್ತದೆ. ಕೂದಲೆಳೆಗಳನ್ನೆಲ್ಲ ಉಳಿಸುವ ಹಟ ಬೇಡ, ಆ ಕಾಲದ ಸ್ಟುಡಿಯೊ ಫೋಟೊಗಳಲ್ಲೂ ಅವು ಅಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ. ಕಂದು ಛಾಯೆ ಬೇಕಿದ್ದರೆ ಎಲ್ಲ ಮುಗಿದ ಮೇಲೆ 'ನ್ಯೂ ಫ್ರಮ್ ವಿಸಿಬಲ್' ಲೇಯರಿಗೆ ಒಮ್ಮೆಲೇ ಕೊಡಿ.

ಪ್ರಶ್ನೆ: ಒಂದೇ ಗುಂಪಿನ ಎರಡು ಫೋಟೊ ಇವೆ. ಒಂದರಲ್ಲಿ ಮದುಮಗಳು ಕಣ್ಣು ಮುಚ್ಚಿದ್ದಾಳೆ. ಇನ್ನೊಂದರ ಮುಖ ತರಬಹುದೇ? – ಹಾಸನದ ಓದುಗರು

ಉತ್ತರ: ಬೆಳಕು ಒಂದೇ ಆಗಿರುವುದರಿಂದ ಇದು ಸುಲಭ. ಕಣ್ಣು ತೆರೆದ ಫೋಟೊ ಮೇಲಿನ ಲೇಯರಿನಲ್ಲಿರಲಿ. ಕೆಳಗಿನದೂ ಕಾಣುವಂತೆ ಅದರ ಒಪಾಸಿಟಿ 50ಕ್ಕೆ ಇಳಿಸಿ, ಅವಳ ಕಿವಿಯೋಲೆ ಮತ್ತು ಗಲ್ಲ ಕೂಡುವವರೆಗೆ ಸರಿಸಿ, ಮತ್ತೆ 100 ಮಾಡಿ. ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ಮುಖದ ಮೇಲಷ್ಟೇ ಬಿಳಿ ಬಳಿಯಿರಿ. ಕಣ್ಣನ್ನಷ್ಟೇ ತರಬೇಡಿ, ರೆಪ್ಪೆ ಎತ್ತಿದಾಗ ಹುಬ್ಬು, ಕೆನ್ನೆಯೂ ತುಸು ಬದಲಾಗುತ್ತವೆ. ತಲೆ ಬೇರೆ ಕಡೆ ತಿರುಗಿದ್ದರೆ ಈ ಉಪಾಯ ನಡೆಯದು.

ಪ್ರಶ್ನೆ: ಜೆಪೆಗ್ ಆಗಿ ಉಳಿಸಿದ ಮೇಲೆ ಲೇಯರುಗಳೇ ಕಾಣುತ್ತಿಲ್ಲ. – ಬೀದರಿನ ಓದುಗರು

ಉತ್ತರ: ಜೆಪೆಗ್‌ನಲ್ಲಿ ಲೇಯರು ಉಳಿಯುವುದಿಲ್ಲ, ಆ ಕಡತದಿಂದ ಮರಳಿ ಪಡೆಯಲಾಗದು. ಕೆಲಸದ ಪ್ರತಿಯನ್ನು 'ಸೇವ್' ಕೊಟ್ಟು ಗಿಂಪ್‌ನದೇ ಕಡತ ರೂಪವಾದ ಎಕ್ಸ್‌ಸಿಎಫ್‌ನಲ್ಲಿಡಿ, ಲ್ಯಾಬಿಗೆ ಕೊಡುವುದನ್ನು 'ಎಕ್ಸ್‌ಪೋರ್ಟ್ ಆ್ಯಸ್'ನಿಂದ 95 ಗುಣಮಟ್ಟದ ಜೆಪೆಗ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.